ಟೈಲರನ ಕಾಲು ಸುಮ್ಮನಿರಲಿಲ್ಲ

ಟೈಲರ್ ಅಂಗಿಯ ಎಡತೋಳನ್ನು ಬಲಕ್ಕೆ, ಬಲತೋಳನ್ನು ಎಡಕ್ಕೆ ಹೊಲಿದಿಟ್ಟಿದ್ದ. ಗಿರಾಕಿ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿ ಹೋದ. ಹೆಂಡತಿ ಹಣೆ ಚಚ್ಚಿಕೊಂಡಳು.

"ಕೈ ಇಲ್ಲಿ, ಮನಸ್ಸು ಎಲ್ಲಿ? ನಡೆಯೋದು ನೋಡಿದ್ರೆ ನೆಲಕ್ಕೆ ಅಂಟು ಬಳಿದ ಹಾಗೆ. ಶುದ್ಧ ಸೋಮಾರಿ ಆಗ್ಬಿಟ್ಟೆ ಕಣಯ್ಯಾ!"

ಅವನು ಉತ್ತರ ಹುಡುಕಿದ. ಈಚೆಗೆ ಮಾತೂ ತಡವಾಗಿ ಬರುತ್ತಿತ್ತು.

ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದವಳು ಅವನ ತಂಗಿ, ಅಲ್ಲೇ ನರ್ಸ್. ಬಿಪಿ ವಿಪರೀತ ಏರಿತ್ತು. ಡಾಕ್ಟರು ಎಂಆರ್‌ಐ ಬರೆದರು.

"ಸೋಮಾರಿತನಕ್ಕೂ ಫೋಟೋ ತೆಗೀತಾರೇನೇ?" ಎಂದಳು ಹೆಂಡತಿ.

"ಅತ್ತಿಗೆ, ಮಿದುಳೊಳಗೆ ಬಿಳಿ ಭಾಗ ಅಂತಿದೆ. ಒಂದು ಕಡೆ ಸುದ್ದಿ ಇನ್ನೊಂದು ಕಡೆ ಮುಟ್ಟಿಸೋ ತಂತಿಗಳೆಲ್ಲ ಅಲ್ಲೇ. ಅಲ್ಲಿಗೆ ರಕ್ತ ಎಷ್ಟು ಹೋಗ್ತಿದೆ ಅಂತ ಅಳೀತಾರೆ."

"ಸೂಜಿ ಚುಚ್ಚಿ?"

"ಈ ಅಳತೆಗೆ ಬೇಡ. ಅಣ್ಣ ಬಟ್ಟೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಲ್ವಾ? ಹಾಗೇ ಕುತ್ತಿಗೆಯಲ್ಲಿ ಹರಿಯೋ ರಕ್ತಕ್ಕೆ ಯಂತ್ರ ಗುರುತು ಹಾಕುತ್ತೆ. ಮೇಲೆ ಮಿದುಳಿಗೆ ಎಷ್ಟು ಬಂತು ಅಂತ ನೋಡುತ್ತೆ. ಬಿಳಿ ಭಾಗಕ್ಕೆ ಮೊದಲೇ ರಕ್ತ ಕಡಿಮೆ, ಬರೋದೂ ನಿಧಾನ. ಅದಕ್ಕೇ ಹೊತ್ತು ಹಿಡಿಯುತ್ತೆ. ಅಲುಗಾಡಬಾರದು, ಅಷ್ಟೇ."

ಕಾಲರಿನ ಗುಂಡುಸೂಜಿಗಳನ್ನೆಲ್ಲ ತೆಗೆಸಿ ಅವನನ್ನು ಮಲಗಿಸಿದರು. ಯಂತ್ರ ಟಕಟಕ ಎಂದು ಶುರುವಾಯಿತು. ಆ ಸದ್ದಿಗೆ ಟೈಲರನ ಕಾಲು, ಹೊಲಿಗೆ ಯಂತ್ರದ ಮುಂದೆ ಕೂತ ಹಾಗೆ, ತಾನಾಗಿ ತುಳಿಯತೊಡಗಿತು. ಕಾಲಿನ ಜೊತೆ ತಲೆಯೂ ಅಲುಗಿ ಚಿತ್ರ ಕೆಟ್ಟಿತು.

ಗಾಜಿನಾಚೆ ಹೆಂಡತಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ಸೋಮಾರಿಯ ಕಾಲು ಹೀಗೆ ತುಳಿಯುತ್ತದೆಯೇ?

ಮೈಮೇಲಿನ ಲೋಹವನ್ನೆಲ್ಲ ಬಿಚ್ಚಿಟ್ಟು, ಕೇಳಿಕೊಂಡು ಅವಳೂ ಒಳಗೆ ಹೋದಳು. ಅವನ ಪಾದ ಹಿಡಿದು ಕೂತಳು.

"ಅಂಗಡಿ ಮುಚ್ಚಿದೆ ಕಣಯ್ಯಾ. ಸುಮ್ನೆ ಮಲಗು."

ಈ ಸಲ ಚಿತ್ರ ಬಂತು. ಬಿಳಿ ಭಾಗದಲ್ಲಿ ರಕ್ತದ ಹರಿವು ತೀರಾ ಕಡಿಮೆಯಿತ್ತು.

"ಬಿಪಿ ಮಾತ್ರೆ ಬಿಟ್ಟಿದ್ರಾ?" ಡಾಕ್ಟರು ಕೇಳಿದರು.

"ತಲೆನೋವೇ ಇರ್ಲಿಲ್ವಲ್ಲ... ನಾನೇ ಬೇಡ ಅಂದೆ," ಎಂದಳು ಹೆಂಡತಿ.

"ಏರಿದ ಬಿಪಿಗೆ ಮಿದುಳಿನ ಸಣ್ಣ ರಕ್ತನಾಳಗಳು ಹಾಳಾಗಿವೆಯಮ್ಮ. ಹೋದದ್ದು ಪೂರ್ತಿ ವಾಪಸ್ ಬರಲ್ಲ. ಉಳಿದದ್ದನ್ನ ಕಾಪಾಡ್ಕೊಳ್ಳಿ."

ಈಗ ಮಾತ್ರೆ ಅವಳ ಕೈಯಿಂದಲೇ. ಅವನು ಹೊಲಿಗೆ ಯಂತ್ರದ ಮುಂದೆ ಕೂರುತ್ತಾನೆ. ಅಂಗಿಯ ತೋಳು ಹಿಡಿದು, ಯಾವ ಕಡೆ ಎಂದು ಅವಳ ಮುಖ ನೋಡುತ್ತಾನೆ. ಅವಳು ಬೆರಳು ತೋರಿಸುತ್ತಾಳೆ. ಬೈಯುವುದಿಲ್ಲ.

ನಿಮ್ಮ ಮನೆಯಲ್ಲೂ ಯಾರದೋ ನಡಿಗೆ ನಿಧಾನವಾಗಿದೆಯೇ? ಮರೆವು ಹೆಚ್ಚಿದೆಯೇ? ಬೈಯುವ ಬಾಯಿ ಮುಚ್ಚಿ, ಮೊದಲು ಬಿಪಿ ನೋಡಿಸಿ. ನೋವಿಲ್ಲ ಅಂತ ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ. ಬಿಪಿ ಹೇಳಿ ಕೇಳಿ ಬರುವುದಿಲ್ಲ. ಸ್ಕ್ಯಾನ್ ಬರೆದರೆ ಹೆದರದೆ ಹೋಗಿ, ಅಲುಗಾಡದೆ ಮಲಗಿ. ಸೋಮಾರಿ ಅಂದುಬಿಡುವುದು ಬಹಳ ಸುಲಭ. ಆ ಮಾತನ್ನು ವಾಪಸ್ ತೆಗೆಯುವ ಯಂತ್ರ ಮಾತ್ರ ಯಾವ ಆಸ್ಪತ್ರೆಯಲ್ಲೂ ಇಲ್ಲ.