ಒಂದು ರೂಪಾಯಿ ನೋಟಿನ ಸಾಲು

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದ ಪುಟ್ಟಣ್ಣನಿಗೆ ನೋಟು ಕೂಡಿಡುವ ಹುಚ್ಚು ಹಿಡಿದದ್ದು ಅವೆನ್ಯೂ ರಸ್ತೆಯ ಅಂಗಡಿಯಲ್ಲಿ. ಗಾಜಿನಡಿ ಜೋಡಿಸಿಟ್ಟಿದ್ದ ಹಳೆಯ ನೋಟುಗಳನ್ನು ನೋಡುತ್ತಾ ನಿಂತವನು ಬೆಲೆ ಕೇಳಿದ ಮೇಲೆಯೇ ಅಲ್ಲಿಂದ ಕದಲಿದ್ದು. ಒಂದೊಂದಕ್ಕೂ ಮನೆಯ ತಿಂಗಳ ದಿನಸಿಯಷ್ಟು ದುಡ್ಡು.

ದಾಸರಹಳ್ಳಿಯ ಮನೆಗೆ ಬಂದು ಹೆಂಡತಿ ಸತ್ಯವತಿಗೆ ಹೇಳಿದ. ಅವಳು ಬೈಯಲಿಲ್ಲ. ಸಿಗರೇಟು ಬಿಟ್ಟರೆ ಉಳಿಯುವ ದುಡ್ಡಿನಲ್ಲಿ ಏನು ಬೇಕಾದರೂ ಕೂಡಿಡಿ ಎಂದಳು.

ಅಷ್ಟು ದುಡ್ಡಿನಲ್ಲಿ ಯಾವ ನೋಟುಗಳ ಸಾಲು ಹಿಡಿಯುವುದು ಎಂಬುದೇ ದೊಡ್ಡ ಯೋಚನೆಯಾಯಿತು. ಸ್ವಾತಂತ್ರ್ಯಕ್ಕೆ ಮುಂಚಿನವನ್ನು ಹಿಡಿದರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯದು. ನೂರರ ನೋಟುಗಳನ್ನು ಇಟ್ಟುಕೊಂಡರೆ ಬಾಡಿಗೆ ಕೊಡುವ ದಿನ ಕೈ ತಾನಾಗಿಯೇ ಅತ್ತ ಹೋದೀತು. ಪರದೇಶದವು ಅಗ್ಗವೇನೋ ನಿಜ, ಆದರೆ ಓದಲು ಬಾರದ ನೋಟನ್ನು ಇಟ್ಟುಕೊಂಡು ಮಾಡುವುದೇನು?

ಅವನ ಚಡಪಡಿಕೆ ನೋಡಲಾರದೆ ಸತ್ಯವತಿ ಸೊಪ್ಪಿಗೆಂದು ತೆಗೆದಿಟ್ಟಿದ್ದ ಒಂದು ರೂಪಾಯಿ ನೋಟನ್ನು ಅವನ ಮುಂದೆ ಹಿಡಿದಳು. ಅದರ ಮೇಲೊಂದು ನಾಣ್ಯದ ಚಿತ್ರ, ಚಿತ್ರದೊಳಗೆ ಸಣ್ಣಗೆ ಇಸವಿ.

“ನಮ್ ಮದ್ವೆ ವರ್ಷದಿಂದ ಶುರು ಮಾಡಿ. ವರ್ಷಕ್ಕೊಂದು ನೋಟು. ತೀರಾ ಕಷ್ಟ ಬಂದ್ರೆ ಖರ್ಚೂ ಮಾಡ್ಬಹುದು.”

ಪುಟ್ಟಣ್ಣನಿಗೆ ಆ ಮಾತು ನಾಟಿತು. ಕೊಂಡರೆ ಮುಖಬೆಲೆಗೇ ಕೊಳ್ಳಬೇಕು, ಒಂದು ಪೈಸೆಯೂ ಹೆಚ್ಚು ಕೊಡಬಾರದು ಎಂದು ತನಗೆ ತಾನೇ ಕಟ್ಟುಪಾಡು ಹಾಕಿಕೊಂಡ. ಬಸ್ ಕಂಡಕ್ಟರು, ಕ್ಯಾಂಟೀನಿನ ಗಲ್ಲಾದವರು, ಹಾಲಿನವಳು, ಎಲ್ಲರೂ ಅವನಿಗಾಗಿ ಚಿಲ್ಲರೆ ತಿರುವಿ ನೋಡತೊಡಗಿದರು. ೧೯೮೦ರ ಬೇಸಿಗೆ ಹೊತ್ತಿಗೆ, ಮದುವೆಯಾದ ಎಪ್ಪತ್ತೊಂದರಿಂದ ಆ ವರ್ಷದವರೆಗಿನ ಸಾಲು ತುಂಬಿತ್ತು. ಎಪ್ಪತ್ತೆರಡು ಮಾತ್ರ ಸಿಕ್ಕಿರಲಿಲ್ಲ. ಅವೆನ್ಯೂ ರಸ್ತೆಯವನ ಬಳಿ ಇತ್ತು, ಆದರೆ ಎಂಟು ರೂಪಾಯಿ ಹೇಳಿದ. ಪುಟ್ಟಣ್ಣ ಕೈಮುಗಿದು ಬಂದುಬಿಟ್ಟ.

ಆ ತಿಂಗಳು ಅವನ ಜೊತೆ ಕೆಲಸ ಮಾಡುವ ಚಿಕ್ಕಬೈರಪ್ಪ ವರ್ತೂರಿನಲ್ಲಿ ಮಗಳ ಮದುವೆ ಇಟ್ಟುಕೊಂಡ. ಮುಯ್ಯಿ ಬರೆದುಕೊಳ್ಳಲು ನಂಬಿಕಸ್ಥರು ಬೇಕೆಂದು ಪುಟ್ಟಣ್ಣನನ್ನೇ ಕೂರಿಸಿದ. ಹನ್ನೊಂದು, ಇಪ್ಪತ್ತೊಂದು, ಐವತ್ತೊಂದು ಎಂದು ಬರುತ್ತಿದ್ದ ಪ್ರತಿ ಮುಯ್ಯಿಗೂ ಒಂದು ರೂಪಾಯಿಯ ಬಾಲ. ಪುಟ್ಟಣ್ಣನ ಕಣ್ಣು ಆ ಬಾಲದ ಮೇಲೆಯೇ ಇತ್ತು.

ಚಿಕ್ಕಬೈರಪ್ಪನ ಸೋದರತ್ತೆ ಲಕ್ಷ್ಮಮ್ಮ ಹನ್ನೊಂದು ರೂಪಾಯಿ ಮುಂದಿಟ್ಟರು. ಮೂಲೆಗೆ ಅರಿಶಿನ ಹಚ್ಚಿದ್ದ ಒಂದರ ನೋಟು. ಇಸವಿ ಎಪ್ಪತ್ತೆರಡು. ಪುಟ್ಟಣ್ಣ ಅದನ್ನು ಎತ್ತಿಕೊಂಡು, ತನ್ನ ಜೇಬಿನ ಹೊಸ ನೋಟನ್ನು ಅದರ ಜಾಗಕ್ಕೆ ಇಟ್ಟ.

ಮುದುಕಿ ಅದನ್ನು ನೋಡಿಬಿಟ್ಟರು. ಮುಖ ಗಂಟಿಕ್ಕಿತು. “ಯಾಕಪ್ಪಾ, ನನ್ ನೋಟು ಓಡಲ್ವಾ?”

ಸುತ್ತ ನಿಂತವರು ಇತ್ತ ತಿರುಗಿದರು. ಪಕ್ಕದಲ್ಲಿದ್ದ ಸತ್ಯವತಿಯೇ ಮದುವೆಯ ವರ್ಷದಿಂದ ಶುರುವಾದ ಕಥೆಯನ್ನೆಲ್ಲ ಹೇಳಿದಳು. ಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದರು, ಕಡೆಗೆ ಭುಜ ಕುಲುಕಿಸಿ ನಕ್ಕರು.

“ಇಂಥವು ಮನೇಲಿ ಬೇಕಾದಂಗವೆ. ಉಂಡ್ಕಂಡು ಬನ್ನಿ ಇಬ್ರೂ.”

ಊಟವಾದ ಮೇಲೆ ಗಂಡ ಹೆಂಡಿರು ಹಿಂದಿನ ಬೀದಿಯಲ್ಲಿದ್ದ ಅವರ ಮನೆಗೆ ಹೋದರು. ಮುಯ್ಯಿಗೆಂದೇ ವರ್ಷಗಳಿಂದ ಎತ್ತಿಟ್ಟಿದ್ದ ಒಂದರ ನೋಟುಗಳನ್ನು ಲಕ್ಷ್ಮಮ್ಮ ಜಗಲಿಯ ಚಾಪೆಯ ಮೇಲೆ ಸುರಿದರು. ಪುಟ್ಟಣ್ಣನಿಗೆ ಬೇಕಾದದ್ದು ಆಗಲೇ ಸಿಕ್ಕಿತ್ತು. ಆದರೆ ಮುದುಕಿಗೆ ಈಗ ತನ್ನ ಮೊಮ್ಮಗಳು ಹುಟ್ಟಿದ ವರ್ಷದ್ದು ಬೇಕಾಗಿತ್ತು. ಅದು ಸಿಕ್ಕಿತು. ಸೊಸೆ ತನ್ನ ಮದುವೆಯ ವರ್ಷ ಕೇಳಿದಳು. ಅವಳ ಮೈದುನ ತಾನು ಬಾವಿ ತೋಡಿಸಿದ ವರ್ಷ ಕೇಳಿದ. ಚಪ್ಪರದಿಂದ ಬಂದವರೆಲ್ಲ ಚಾಪೆಯ ಸುತ್ತ ಕುಕ್ಕರಗಾಲಲ್ಲಿ ಕೂತರು. ಪಕ್ಕದ ಮನೆಯ ನಂಜಪ್ಪ ತನ್ನ ಸೀಮೆಹಸು ಮೊದಲ ಕರು ಹಾಕಿದ್ದು ಎಪ್ಪತ್ತೈದೋ ಎಪ್ಪತ್ತಾರೋ ಎಂದು ಹೆಂಡತಿಯೊಡನೆ ವಾದಕ್ಕಿಳಿದ.

ಸತ್ಯವತಿ ನೋಟುಗಳನ್ನು ವರ್ಷವಾರು ಜೋಡಿಸುತ್ತಾ ಹೋದಳು. ಪುಟ್ಟಣ್ಣ ಕೈಯಲ್ಲಿ ಅರ್ಧ ಹೋಳಿಗೆ ಹಿಡಿದು, ನಡುವೆ ಕೂತು, ಒಂದೊಂದೇ ನೋಟೆತ್ತಿ ಇಸವಿ ಕೂಗುತ್ತಿದ್ದ. ಅವರು ಮನೆಗೆ ಹಿಂದಿರುಗಬೇಕಿದ್ದ ಬಸ್ಸು ಹಾರ್ನ್ ಮಾಡುತ್ತಾ ಕೆರೆ ಏರಿ ಹತ್ತಿದ್ದು ಅವರಿಬ್ಬರಿಗೂ ಕೇಳಿಸಿತು. ಇಬ್ಬರೂ ಏಳಲಿಲ್ಲ.