ಎರಡನೇ ಕೂಗು

ಇಲ್ಲದವರ ಜೊತೆ ಮಾತಾಡಿ ಸಂಬಳ ಪಡೆಯುವುದು ಸುಲಭದ ಕೆಲಸ ಎಂದು ಯಾರಿಗಾದರೂ ಅನ್ನಿಸಿದರೆ ಅವರು ಒಂದು ದಿನ ಬಂದು ಮಾಡಿ ನೋಡಲಿ. ಎಲ್ಲರೂ ಫೋನಮ್ಮ ಎಂದೇ ಕರೆಯುವ ಅವಳು ಹದಿನೆಂಟು ವರ್ಷದಿಂದ ಮಾಡುತ್ತಿದ್ದಾಳೆ. ಅವಳಿರುವುದು ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಹರಾಜು ಹಾಕುವ ಮಳಿಗೆಯಲ್ಲಿ. ಹಾಲ್‌ನ ಬಲಗಡೆ ಗೋಡೆಗೆ ತಾಗಿಸಿಟ್ಟ ಉದ್ದನೆಯ ಮೇಜಿನ ಮೇಲೆ ನಾಲ್ಕು ಫೋನುಗಳಿವೆ. ಬರಲಾಗದ ಗಿರಾಕಿಗಳು ತಾವಿದ್ದಲ್ಲಿಂದಲೇ ಫೋನಿನಲ್ಲಿ ಬೆಲೆ ಕೂಗುತ್ತಾರೆ, ಅವರ ಪರವಾಗಿ ಇಲ್ಲಿ ಒಬ್ಬರು ತಲೆಯಾಡಿಸುತ್ತಾರೆ. ಮೂರು ಫೋನುಗಳಲ್ಲಿ ನಿಜವಾದ ಗಿರಾಕಿಗಳಿರುತ್ತಾರೆ. ನಾಲ್ಕನೆಯದು ಫೋನಮ್ಮನದು, ಅದರ ಆ ತುದಿಯಲ್ಲಿ ಯಾರೂ ಇರುವುದಿಲ್ಲ.

ಹರಾಜು ನಡೆಸುವವನು ಯಜಮಾನನೇ. ಬೆಲೆ ಏರದೆ ಕುಂಟತೊಡಗಿದರೆ ಅವನು ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸುತ್ತಾನೆ. ಅದು ಅಲ್ಲಿರುವಷ್ಟು ಹೊತ್ತು ಫೋನಮ್ಮ ಇಲ್ಲದ ಗಿರಾಕಿಯ ಪರವಾಗಿ ತಲೆಯಾಡಿಸುತ್ತಿರಬೇಕು, ಮೂಗಿನ ಮೇಲೆ ಇಳಿದರೆ ನಿಲ್ಲಿಸಬೇಕು. ಇಷ್ಟೇ ವಿದ್ಯೆ. ನಡುನಡುವೆ ಬಾಯಿಗೆ ಕೈ ಅಡ್ಡ ಹಿಡಿದು ಏನಾದರೂ ಪಿಸುಗುಡಬೇಕು, ಇಲ್ಲದಿದ್ದರೆ ನೋಡುವವರಿಗೆ ನಂಬಿಕೆ ಬರುವುದಿಲ್ಲ. ಮೊದಮೊದಲು 'ಹೂಂ ಸರ್, ಆಗಲಿ ಸರ್' ಅನ್ನುತ್ತಿದ್ದಳು. ಆಮೇಲೆ ಬೇಜಾರಾಗಿ ಮನೆಗೆ ತರಬೇಕಾದ ಸಾಮಾನಿನ ಪಟ್ಟಿ ಹೇಳತೊಡಗಿದಳು. ಈಚೆಗೆ ಮಂಡಿನೋವು, ಸೋರುವ ನಲ್ಲಿ, ಮೇಲಿನ ಮನೆಯವರು ಕುರ್ಚಿ ಎಳೆದಾಡುವ ಸದ್ದು ಎಲ್ಲವನ್ನೂ ಹೇಳಿಕೊಳ್ಳುತ್ತಾಳೆ. ಇಷ್ಟು ತಾಳ್ಮೆಯಿಂದ ಕೇಳುವವರು ಅವಳ ಮನೆಯಲ್ಲೂ ಇಲ್ಲ.

ತಪ್ಪೆಂದು ಗೊತ್ತಿರಲಿಲ್ಲ ಎಂದೇನಲ್ಲ. ಗೊತ್ತಿದ್ದು ಗೊತ್ತಿದ್ದೇ ಮನಸ್ಸು ದಡ್ಡುಗಟ್ಟಿತ್ತು. ಇಂಥ ಕಾರು ಕೊಳ್ಳುವವರೆಲ್ಲ ಉಳ್ಳವರು, ಒಂದೆರಡು ಲಕ್ಷ ಹೆಚ್ಚು ತೆತ್ತರೆ ಅವರ ಗಂಟೇನು ಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದಳು. ಕೆಲಸದಿಂದ ನಿವೃತ್ತಿಯಾಗಲು ಇನ್ನೆರಡು ವರ್ಷವಿತ್ತು. ಹೇಗೋ ತಳ್ಳಿಬಿಟ್ಟರೆ ಆಯಿತು ಅಂದುಕೊಂಡಿದ್ದಳು.

ಆ ಮಧ್ಯಾಹ್ನ ಎರಡೇ ಸೀಟಿನ, ಐವತ್ತು ವರ್ಷ ಹಳೆಯ ಕೆಂಪು ಕಾರು ವೇದಿಕೆಗೆ ಬಂತು. ಎರಡನೇ ಸಾಲಿನಲ್ಲಿ ನಂಬರಿನ ಹಲಗೆ ಎತ್ತಿದ ಕೈ ಅವಳಿಗೆ ಪರಿಚಯದ್ದು. ಅದು ಭಾವನ ಕೈ, ಅವಳ ಸ್ವಂತ ಅಕ್ಕನ ಗಂಡನದು.

ಭಾವ ಮೂವತ್ತೊಂದು ವರ್ಷ ಡ್ರೈವಿಂಗ್ ಶಾಲೆ ನಡೆಸಿದವರು. ಅಷ್ಟು ವರ್ಷವೂ ಪಕ್ಕದ ಸೀಟಿನಲ್ಲಿ ಕೂತು, ಕಾಲ ಕೆಳಗಿನ ಎರಡನೇ ಬ್ರೇಕಿನ ಮೇಲೆ ಜೀವ ಇಟ್ಟುಕೊಂಡು, ಊರವರಿಗೆಲ್ಲ ಕಾರು ಕಲಿಸಿದರು. ಹೋದ ತಿಂಗಳು ಶಾಲೆಯನ್ನು ಮೂವತ್ತು ಲಕ್ಷಕ್ಕೆ ಮಾರಿದ್ದರು. ಆ ಹಣ ಯಾತಕ್ಕೆಂದು ಫೋನಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕನಿಗೆ ಮೂರನೇ ಮಹಡಿ ಹತ್ತಿ ಇಳಿಯಲು ಆಗುತ್ತಿಲ್ಲ. ಕಳೆದ ಭಾನುವಾರ ಅಕ್ಕತಂಗಿಯರಿಬ್ಬರೇ ಹೋಗಿ ನೆಲಮಹಡಿಯ ಒಂದು ಮನೆ ನೋಡಿ ಬಂದಿದ್ದರು. ಬಾಗಿಲಿಗೆ ಎರಡೇ ಮೆಟ್ಟಿಲು. ಅಕ್ಕ ಆ ಎರಡು ಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಇಳಿದು, ಮಗುವಿನ ಹಾಗೆ ನಕ್ಕಿದ್ದಳು.

ಭಾವ ಫೋನಮ್ಮನನ್ನು ಕಂಡು ಕಣ್ಣಲ್ಲೇ ನಕ್ಕರು. ಅಕ್ಕನಿಗೆ ಹೇಳಬೇಡ ಎನ್ನುವ ಹಾಗೆ ತುಟಿಯ ಮೇಲೆ ಬೆರಳಿಟ್ಟುಕೊಂಡರು. ಅರವತ್ತೆರಡು ವರ್ಷದ ಮನುಷ್ಯ ಕಳ್ಳತನದಲ್ಲಿ ಸಿನಿಮಾಕ್ಕೆ ಬಂದ ಹುಡುಗನ ಹಾಗೆ ಕಾಣುತ್ತಿದ್ದರು.

ನಿಜವಾಗಿ ಕೂಗುತ್ತಿದ್ದವರು ಇಬ್ಬರೇ, ಭಾವ ಮತ್ತು ಒಬ್ಬ ಬಿಸ್ಕತ್ ಕಾರ್ಖಾನೆಯವ. ಮಾರುವವರು ಕೇಳಿದ್ದ ಕನಿಷ್ಠ ಬೆಲೆ ಇಪ್ಪತ್ತು ಲಕ್ಷ ಆಗಲೇ ದಾಟಿತ್ತು. ಭಾವ ಇಪ್ಪತ್ತೆರಡು ಅಂದಾಗ ಬಿಸ್ಕತ್ತಿನವ ಕೈ ಕೊಡವಿ ಎದ್ದು ಹೋದ. ಅಲ್ಲಿಗೆ ಸುತ್ತಿಗೆ ಬೀಳಬೇಕಿತ್ತು. ಆದರೆ ಯಜಮಾನನ ಕನ್ನಡಕ ಹಣೆಗೇರಿತು.

ಫೋನಮ್ಮ ಬೇಡ ಎಂದುಕೊಂಡಳು. ತಲೆ ಮಾತ್ರ ಅಭ್ಯಾಸಬಲದಿಂದ ಆಡಿತು. ಫೋನಿನಲ್ಲಿ ಇಪ್ಪತ್ತಮೂರು, ಎಂದ ಯಜಮಾನ. ಭಾವ ಇಪ್ಪತ್ತನಾಲ್ಕು ಅಂದರು. ಇಲ್ಲಿಗೆ ನಿಲ್ಲಿಸುತ್ತಾರೆ, ಮಾಸ್ತರರಲ್ಲವೆ, ಬ್ರೇಕ್ ಹಾಕುವುದು ಗೊತ್ತಿರುತ್ತದೆ ಎಂದುಕೊಂಡು ಅವಳು ಮತ್ತೆ ತಲೆಯಾಡಿಸಿದಳು. ಅವರು ಇಪ್ಪತ್ತಾರು ಅಂದರು. ಯಾರೋ ಕಾಣದವನು ಇಷ್ಟೊಂದು ಬೆನ್ನು ಹತ್ತಿದ್ದಾನೆಂದರೆ ಕಾರು ಎಂಥ ಅಪರೂಪದ್ದಿರಬೇಕು ಎಂಬ ಭ್ರಮೆ ಅವರ ಮುಖದ ಮೇಲೆ ಬರೆದಂತಿತ್ತು. "ಭಾವ, ಸಾಕು ಮಾಡಿ, ದಮ್ಮಯ್ಯ," ಎಂದು ಅವಳು ಫೋನಿಗೆ ಪಿಸುಗುಟ್ಟಿದಳು. ಹಾಲ್‌ನಲ್ಲಿದ್ದವರಿಗೆಲ್ಲ ಅವಳು ಗಿರಾಕಿಯನ್ನು ಹುರಿದುಂಬಿಸುವಂತೆ ಕಂಡಳು. ಇಪ್ಪತ್ತೇಳಕ್ಕೆ ಅವಳು, ಇಪ್ಪತ್ತೆಂಟಕ್ಕೆ ಅವರು. ಇಪ್ಪತ್ತೊಂಬತ್ತಕ್ಕೆ ಅವಳು, ಮೂವತ್ತಕ್ಕೆ ಅವರು.

ಕನ್ನಡಕ ಇನ್ನೂ ಹಣೆಯ ಮೇಲೇ ಇತ್ತು. ಫೋನಮ್ಮ ಫೋನನ್ನು ಕೆಳಗಿಟ್ಟು, ಗಿರಾಕಿ ಬಿಟ್ಟುಬಿಟ್ಟರು ಎಂದಳು. ಯಜಮಾನ ಅವಳನ್ನು ದುರುಗುಟ್ಟಿ ನೋಡಿ, ಒಂದು ಸಲ, ಎರಡು ಸಲ, ಮೂರು ಸಲ ಎಂದು ಸುತ್ತಿಗೆ ಬಡಿದ. ತಾನು ಕರುಣೆಯಿಂದ ನಿಲ್ಲಿಸಿದೆ ಎಂದು ಅವಳು ತನಗೇ ಹೇಳಿಕೊಳ್ಳಲು ನೋಡಿದಳು, ಆಗಲಿಲ್ಲ. ಇನ್ನು ಕೀಳಲು ಅವರ ಹತ್ತಿರ ಏನೂ ಉಳಿದಿಲ್ಲ ಎಂದು ಗೊತ್ತಾದ ಮೇಲೆಯೇ ಅವಳು ನಿಲ್ಲಿಸಿದ್ದು.

ಭಾವ ಕೌಂಟರಿನಲ್ಲಿ ಆರು ಲಕ್ಷ ಮುಂಗಡ ಕಟ್ಟಿ ಬಂದು ಕಾರಿನ ಬಾಗಿಲು ತೆಗೆದು ಕೂತರು. ಕೂತ ಮೇಲೆ ಸ್ಟೇರಿಂಗ್ ಯಾಕೆ ಎದುರಿಗಿಲ್ಲ ಎಂದು ಗಲಿಬಿಲಿಯಾಗಿ ನೋಡಿಕೊಂಡರು. ಮೂವತ್ತೊಂದು ವರ್ಷದ ರೂಢಿ, ಪಕ್ಕದ ಸೀಟಿನಲ್ಲೇ ಕೂತಿದ್ದರು. ಕಾರು ತೊಳೆಯುವವನು ನಕ್ಕ. ಭಾವನೂ ನಗಲು ಹೋದರು, ಅರ್ಧಕ್ಕೇ ಮುಖ ಬಿಳಿಚಿಕೊಂಡಿತು. ಮನೆ, ಮೆಟ್ಟಿಲು, ಹೆಂಡತಿ ಎಲ್ಲ ಒಟ್ಟಿಗೆ ನೆನಪಾಗಿರಬೇಕು.

ಕಾಗದಪತ್ರದ ಕಿಟಕಿಯಲ್ಲಿ ಆ ಹೊತ್ತಿಗೆ ಫೋನಮ್ಮನೇ ಕೂತಿದ್ದಳು. ಭಾವ ಬಂದು ಕಿಟಕಿಯ ಕಂಬಿ ಹಿಡಿದು ನಿಂತರು. ತಲೆ ಕೆಟ್ಟಿತ್ತು, ತನಗೆ ಈ ಕಾರು ಬೇಡ ಎಂದರು. ಹಿಂದೆ ಸರಿದರೆ ಮುಂಗಡ ಹೋಗುತ್ತದಂತೆ, ಎರಡನೇ ಕೂಗಿನವರು ತಮ್ಮ ಬೆಲೆಗೆ ಕಾರು ತೆಗೆದುಕೊಳ್ಳಲು ಒಪ್ಪಿ ಸಹಿ ಹಾಕಿದರೆ ಮಾತ್ರ ವಾಪಸ್ಸು ಬರುತ್ತದಂತೆ, ಗೋಡೆಯ ಮೇಲಿನ ನಿಯಮ ಓದಿದೆ ಎಂದರು.

"ಆ ಫೋನಿನವನು ಇಪ್ಪತ್ತೊಂಬತ್ತರ ತನಕ ಬಂದಿದ್ದನಲ್ಲ, ಅವನಿಗೇ ಕೊಟ್ಟುಬಿಡಮ್ಮ. ಒಂದು ಫೋನ್ ಮಾಡು ಸಾಕು. ಅಷ್ಟು ಆಸೆಪಟ್ಟವನು ಬೇಡ ಅನ್ನಲ್ಲ."

ಎಷ್ಟೋ ಸುಳ್ಳುಗಳು ಅವಳ ಬಾಯಿಗೆ ಬಂದವು. ಗಿರಾಕಿ ಸಿಗುತ್ತಿಲ್ಲ ಅನ್ನಬಹುದಿತ್ತು, ವಿದೇಶಕ್ಕೆ ಹೋದರು ಅನ್ನಬಹುದಿತ್ತು. ಹೇಳಿ ಹೇಳಿ ಸಾಕಾಗಿತ್ತು.

"ಭಾವ, ಆ ಕಡೆ ಯಾರೂ ಇರ್ಲಿಲ್ಲ."

"ಲೈನ್ ಕಟ್ ಆಯ್ತಾ? ಮತ್ತೆ ಮಾಡು."

"ಮೊದಲಿಂದಲೂ ಯಾರೂ ಇರ್ಲಿಲ್ಲ. ನಾನೊಬ್ಬಳೇ. ಇಪ್ಪತ್ತೆರಡಕ್ಕೇ ಕಾರು ನಿಮ್ಮದಾಗಿತ್ತು. ಆಮೇಲೆ ನಾಲ್ಕು ಸಲ ಏರಿಸಿದ್ದು ನಾನು."

ಭಾವ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಮೆಲ್ಲಗೆ ಮಾತಾಡಿದರು.

"ನೀನು ಅಲ್ಲಿ ಕೂತಿದ್ದೀಯಲ್ಲ ಅಂತ ನನಗೆ ಧೈರ್ಯ ಇತ್ತು. ಏನಾದ್ರೂ ಮೋಸ ಇದ್ರೆ ನಮ್ಮವಳು ಸನ್ನೆ ಮಾಡ್ತಾಳೆ ಅಂತ."

ಫೋನಮ್ಮನಿಗೆ ಕುತ್ತಿಗೆ ಎತ್ತಲಾಗಲಿಲ್ಲ. ಹದಿನೆಂಟು ವರ್ಷ ಆಡಿದ ತಲೆ ಈಗ ಸೀಸದಷ್ಟು ಭಾರವಾಗಿತ್ತು. ಡ್ರಾಯರಿನಿಂದ ಎರಡನೇ ಕೂಗಿನವರು ಸಹಿ ಹಾಕುವ ಹಳದಿ ಬಣ್ಣದ ಪತ್ರ ತೆಗೆದಳು. ಅದರ ಹಿಂಬದಿಯಲ್ಲಿ, ಮಳಿಗೆ ಮರ್ಯಾದಸ್ಥರದು ಎಂದು ತೋರಿಸಲು ಯಜಮಾನ ಅಚ್ಚು ಹಾಕಿಸಿದ್ದ ಸಾಲೊಂದಿತ್ತು. ಮಳಿಗೆಯ ನೌಕರರು ಯಾರಾದರೂ ಬೆಲೆ ಕೂಗಿದ್ದು ರುಜುವಾತಾದರೆ ಆ ಹರಾಜು ರದ್ದು, ಮುಂಗಡ ಪೂರ್ತಿ ವಾಪಸ್ಸು. ಅದನ್ನು ಇದುವರೆಗೆ ಯಾರೂ ಓದಿರಲಿಲ್ಲ. ಮುಂಬದಿಯಲ್ಲಿ 'ಎರಡನೇ ಕೂಗಿನವರ ಹೆಸರು' ಎಂಬ ಜಾಗದಲ್ಲಿ ಅವಳು ತನ್ನ ಹೆಸರನ್ನು ಬಿಡಿಸಿ ಬರೆದಳು. ಇಪ್ಪತ್ತೊಂಬತ್ತು ಲಕ್ಷ ಎಂದು ತುಂಬಿದಳು. ನೌಕರಳೇ ಕೂಗಿದ್ದಕ್ಕೆ ಅದೇ ರುಜುವಾತಾಗಲೆಂದು ಕೆಳಗೆ ಸಹಿ ಹಾಕಿದಳು.

"ನಿನ್ನ ಕೆಲಸ ಹೋಗುತ್ತಲ್ಲ," ಎಂದರು ಭಾವ.

"ಹೋಗುತ್ತೆ."

ಅಕ್ಕನಿಗೆ ಏನು ಹೇಳುವುದೆಂದು ಭಾವ ಬಾಯಿ ಬಿಟ್ಟು ಕೇಳಲಿಲ್ಲ, ಆದರೆ ಕಿಟಕಿ ಬಿಟ್ಟು ಕದಲಲೂ ಇಲ್ಲ. "ಕಾರಿಗೆ ಬಂದಿದ್ದು ನೀವು ಹೇಳಿ. ಬೆಲೆ ಏರಿಸಿದ್ದು ನಾನು ಹೇಳ್ತೀನಿ," ಎಂದಳು ಅವಳು.

ಭಾವ ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಎಲ್ಲಿ ಸಿಕ್ಕರೂ, ಎಷ್ಟೇ ಅವಸರವಿದ್ದರೂ, "ಬಾರಮ್ಮ, ಮನೆ ತನಕ ಬಿಟ್ಟು ಹೋಗ್ತೀನಿ," ಅನ್ನುತ್ತಿದ್ದವರು ಅವರು. ಈ ಸಲ ಏನೂ ಅನ್ನದೆ ಬಾಗಿಲ ಕಡೆ ನಡೆದರು.