ಶನಿವಾರದ ಮೊಟ್ಟೆ

ಬಸಕ್ಕನ ಕೈಯಿಂದ ಮೊಟ್ಟೆ ಜಾರಿ ಅಡುಗೆಮನೆಯ ನೆಲಕ್ಕೆ ಬಿತ್ತು. ಒಡೆದ ಸದ್ದು ಬಂತು, ಏನೂ ಹರಿಯಲಿಲ್ಲ. ಬಿಳಿ ಲೋಳೆಯಿಲ್ಲ, ಹಳದಿಯಿಲ್ಲ. ಒಣ ಚಿಪ್ಪಿನ ಚೂರುಗಳಷ್ಟೇ.

ಅವಳು ಟ್ರೇಯಿಂದ ಇನ್ನೊಂದನ್ನು ಎತ್ತಿದಳು. ಅದಕ್ಕೂ ಭಾರವಿರಲಿಲ್ಲ. ತಿರುಗಿಸಿ ನೋಡಿದರೆ ತಳದಲ್ಲಿ ಸೂಜಿಯ ತೂತು. ಮತ್ತೊಂದು ಎತ್ತಿದಳು, ಅದೂ ಹಾಗೆಯೇ. ಟ್ರೇ ಪೂರ್ತಿ ಮೇಲಿನಿಂದ ನೋಡಿದರೆ ಮೊಟ್ಟೆ, ಕೈಗೆತ್ತಿಕೊಂಡರೆ ಗಾಳಿ.

ಟ್ರೇಯ ಹಿಂದೆ ಒಂದು ಮೊರ, ಅದರ ಮೇಲೆ ಹಳೆಯ ಪಂಚೆಯ ಬಟ್ಟೆ. ಬಟ್ಟೆ ಸರಿಸಿದಾಗ ಬಸಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಕೆಂಪು ಮೊಟ್ಟೆ, ಅರಿಶಿನದ ಮೊಟ್ಟೆ, ಕೆಲವದರ ಮೇಲೆ ಎಲೆಯಾಕಾರದ ಬಿಳಿ ಗುರುತು. ಒಂದೊಂದಕ್ಕೂ ದಾರ ಪೋಣಿಸಿತ್ತು. ದಾರದುಂಡೆಯಲ್ಲಿ ಸೂಜಿ ಚುಚ್ಚಿತ್ತು.

ಅವಳು ಒಳಗೆ ಬಂದಿದ್ದು ಒಂದೇ ಒಂದು ಮೊಟ್ಟೆಗಾಗಿ. ಹೊರಗೆ ಅಂಗಳದ ಶಾಮಿಯಾನದ ಕೆಳಗೆ ಅವಳ ತಮ್ಮ ದೊಡ್ಡಮುನಿಯಪ್ಪನ ಹೆಂಡತಿ ಈಶ್ವರಮ್ಮನ ಹೆಣ ಮಲಗಿತ್ತು. ನಸುಕಿನಲ್ಲಿ ರಂಗೋಲಿ ಬಟ್ಟಲು ಹಿಡಿದವಳು ಬಾಗಿಲಲ್ಲೇ ಕುಸಿದಿದ್ದಳು. ಅರ್ಧ ಎಳೆದ ರಂಗೋಲಿಯನ್ನು ಬಂದವರ ಕಾಲುಗಳು ಆಗಲೇ ಅಳಿಸಿದ್ದವು. ಇವತ್ತು ಶನಿವಾರ. ಶನಿವಾರದ ಸಾವು ಅದೇ ಮನೆಯಿಂದ ಇನ್ನೊಂದು ಜೀವ ಕೇಳುತ್ತದೆ ಎಂದು ಸಿಂಗಸಂದ್ರದ ಹಳಬರೆಲ್ಲ ನಂಬುತ್ತಾರೆ. ಬದಲಿಗೆ ಚಟ್ಟಕ್ಕೆ ಒಂದು ಕೋಳಿಮರಿ ಕಟ್ಟುತ್ತಾರೆ, ಸಿಕ್ಕದಿದ್ದರೆ ಒಂದು ಮೊಟ್ಟೆ.

ಬಸಕ್ಕ ಮೊರವನ್ನು ಸೆರಗಿನಲ್ಲಿ ಹಿಡಿದು ಹೊರಗೆ ತಂದು ಚಟ್ಟದ ಪಕ್ಕ ಇಟ್ಟಳು. ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಚಿಕ್ಕಬೈರಪ್ಪ ತಲೆ ಎತ್ತಿದ. ಅವನು ದೊಡ್ಡಮುನಿಯಪ್ಪನ ತಮ್ಮ, ಪಕ್ಕದ ಮನೆಯವನು. ಊರಿನಲ್ಲಿ ಯಾವ ಸಾವಾದರೂ ಕೆಲಸ ಹಂಚುವವನು ಅವನೇ.

"ಯಾರೂ ಮುಟ್ಬೇಡಿ," ಅಂದ.

ಪ್ಲಾಸ್ಟಿಕ್ ಕುರ್ಚಿಗಳು ಸರಿದ ಸದ್ದಾಯಿತು. ದಾಯಾದಿಗಳು ಒಬ್ಬೊಬ್ಬರಾಗಿ ಬಗ್ಗಿ ನೋಡಿ ಹಿಂದೆ ಹೋದರು. ಅರಿಶಿನ ಐತೆ, ಕೆಂಪು ಐತೆ, ಸೂಜಿ ಐತೆ, ಮಾಟಕ್ಕೆ ಇನ್ನೇನು ಬೇಕು ಎಂದು ಯಾರೋ ಗೊಣಗಿದರು.

ಬಸಕ್ಕ ತಣ್ಣಗೆ ಹೇಳಿದಳು. "ಈಶ್ವರಿ ಬಾಯಿಗೆ ಮೊಟ್ಟೆ ಸೋಕಿಸ್ದೋಳಲ್ಲ. ಮಗ ಮುನಿರಾಜುಗೆ ಕಾಮಾಲೆ ಆದಾಗ ಮದ್ದೂರಮ್ಮಂಗೆ ಅರಕೆ ಒತ್ತು ಬಿಟ್ಟೋಳು. ಇವನ್ನ ಯಾರೋ ಬಾಯಿಟ್ಟು ಒಳಗಿಂದೆಲ್ಲ ಈರ್ಕಂಡವ್ರೆ. ಅಂಗೇ ಅವಳ ಉಸುರೂ ಈರ್ಕಂಡವ್ರೆ."

ಎಲ್ಲರ ಕಣ್ಣೂ ಅಂಗಳದ ಹಿಂದಿನ ಬಾಡಿಗೆ ಮನೆಗಳ ಸಾಲಿಗೆ ಹೋಯಿತು. ಮೊದಲು ಅಲ್ಲಿ ಅವರೆ ಹೊಲವಿತ್ತು. ಕೊನೆಯ ಕೋಣೆಯ ಬಾಗಿಲಿಗೆ ತಗಡಿನ ಶಿಲುಬೆ ಹೊಡೆದಿತ್ತು. ಅಲ್ಲಿರುವವಳು ಆರೋಗ್ಯಮ್ಮ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ನೆಲ ಒರೆಸುವ ಕೆಲಸ.

ಹೆಣದ ತಲೆಯ ಕಡೆ ಊದುಬತ್ತಿ ಹಿಡಿದು ನಿಂತಿದ್ದ ವೇಣಿ ಮೊರವನ್ನು ನೋಡಿದಳು. ಬೆಳಗಿನಿಂದ ಮೊರದ ನೆನಪೇ ಅವಳಿಗೆ ಬಂದಿರಲಿಲ್ಲ. ಅವಳು ಈ ಮನೆಯ ಸೊಸೆ. ಕನಕಪುರದ ಆಚೆಯ ಹುಡುಗಿ, ತಂದೆತಾಯಿ ಇಲ್ಲದವಳು, ನಮ್ಮ ಜನವೇ ಎಂದು ಮದುವೆಯಲ್ಲಿ ದಾಯಾದಿಗಳಿಗೆ ಹೇಳಿದ್ದರು. ತಂದೆತಾಯಿ ಇದ್ದರು. ಅವರು ಈ ಮದುವೆಗೆ ಬರಲೊಪ್ಪದೆ ಊರ ಚರ್ಚಿನ ಹಿಂದಿನ ಮನೆಯಲ್ಲೇ ಉಳಿದಿದ್ದರು. ಅವಳ ಹೆಸರು ವೆರೋನಿಕಾ. ಇದು ಗೊತ್ತಿದ್ದದ್ದು ಗಂಡನಿಗೆ, ಅತ್ತೆಗೆ, ಮಾವನಿಗೆ.

ಬೆಂಕಿಯ ಮಡಕೆಯ ಪಕ್ಕ ಒದ್ದೆ ಪಂಚೆಯಲ್ಲಿ ನಿಂತಿದ್ದ ಗಂಡ ಮುನಿರಾಜು ಅವಳ ಕಡೆ ನೋಡಿ ತಲೆಯನ್ನು ಕಂಡೂ ಕಾಣದಂತೆ ಅಲ್ಲಾಡಿಸಿದ. ಬೇಡ. ಬಾಯಿ ಬಿಟ್ಟರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹೆಗಲು ಕೊಡಲು ಬಂದವರು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾರೆ. ಹೆಣ ಅಂಗಳದಲ್ಲೇ ಉಳಿಯುತ್ತದೆ. ಆಮೇಲೆ ವೇಣಿಯೂ ಈ ಹೊಸ್ತಿಲು ತುಳಿಯುವಂತಿಲ್ಲ.

*

ಮದುವೆಯಾದ ವರ್ಷ, ಏಪ್ರಿಲ್‌ನ ಒಂದು ಭಾನುವಾರ, ವೇಣಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಅಳುತ್ತಿದ್ದಳು. ಈಶ್ವರಮ್ಮ ಬಕೆಟ್ ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಮಗ ಹೊಡೆದನೇ ಎಂದು ಕೇಳಿದಳು. ಇಲ್ಲ. ಹೊಟ್ಟೆನೋವೇ? ಇಲ್ಲ. ಇವತ್ತು ಈಸ್ಟರ್ ಎಂದು ವೇಣಿ ಹೇಳಿದಳು. ಅದೇನು ಹಬ್ಬ, ಏನು ಮಾಡುತ್ತೀರಿ ಎಂದು ಈಶ್ವರಮ್ಮ ವಿಚಾರಿಸಿದಳು, ಬೀಗರ ಮನೆಯ ಅಡುಗೆ ವಿಚಾರಿಸುವ ಹಾಗೆ. ಬೋರ್ಡಿಂಗ್ ಶಾಲೆಯಲ್ಲಿ ಸಿಸ್ಟರ್ ಮೊಟ್ಟೆ ಬರಿದು ಮಾಡಿ, ಬಣ್ಣದಲ್ಲಿ ಕುದಿಸಿ, ಕೊಂಬೆಗೆ ಕಟ್ಟುವುದನ್ನು ಕಲಿಸಿದ್ದರು. ಊರಿಗೆ ಬಂದ ಮೇಲೂ ಪ್ರತಿ ವರ್ಷ ಅವಳು ತವರುಮನೆಯ ಬಾಗಿಲಲ್ಲಿ ಆ ಕೊಂಬೆ ಇಡುತ್ತಿದ್ದಳು.

"ಅದುಕ್ಕೆಲ್ಲ ಏನೇನು ಬೇಕು?"

"ಏನಿಲ್ಲ ಅತ್ತೆ, ಮನೇಲಿರೋದೇ. ಈರುಳ್ಳಿ ಸಿಪ್ಪೆ, ಅರಿಶಿನ, ದಾರ."

"ಅಷ್ಟೇನಾ? ನಾನೇನೋ ಅಂಗಡಿ ಸಾಮಾನು ಅಂದ್ಕಂಡೆ."

ಮರುವರ್ಷ ಶಿವರಾತ್ರಿ ಕಳೆದದ್ದೇ ಈಶ್ವರಮ್ಮ ಈರುಳ್ಳಿ ಸಿಪ್ಪೆಯನ್ನು ತಿಪ್ಪೆಗೆ ಎಸೆಯುವುದನ್ನು ನಿಲ್ಲಿಸಿದಳು. ಮಧ್ಯಾಹ್ನ ಗಂಡ ಅರಳಿಕಟ್ಟೆಗೆ ಹೋದ ಮೇಲೆ ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಹೂ ಪೋಣಿಸುವ ಸೂಜಿಯಿಂದ ಮೊಟ್ಟೆಯ ಎರಡೂ ತುದಿಗೆ ತೂತು ಹಾಕಬೇಕು, ಒಂದು ಕಡೆ ಬಾಯಿಟ್ಟು ಊದಿದರೆ ಇನ್ನೊಂದು ಕಡೆಯಿಂದ ಒಳಗಿನದು ಬಟ್ಟಲಿಗೆ ಬೀಳುತ್ತದೆ. ವೇಣಿ ಸೂಜಿಗೆ ಕೈ ಚಾಚಿದಾಗ ಅತ್ತೆ ತಡೆದಳು.

"ನಿಂಗೆ ಈಗ ಉಪಾಸದ ಕಾಲ ಅಂದಿದ್ದೆ?"

"ತಪಸ್ಸು ಕಾಲ. ನಲವತ್ತು ದಿನ ಮೊಟ್ಟೆ ಮಾಂಸ ಮುಟ್ಟಲ್ಲ. ಬರೀ ಊದೋದಲ್ವಾ ಅತ್ತೆ, ನುಂಗಲ್ವಲ್ಲ. ನಿಮಗೂ ಹರಕೆ ಇದೆ."

"ನಿಂದು ಒಸದು. ನಂದು ಹಳೇ ಅರಕೆ, ವಸಿ ಸವುದ್ರೆ ದೇವಿ ಏನೂ ಅನ್ನಾಕಿಲ್ಲ. ಕೊಡಿಲ್ಲಿ."

ಮೊದಲ ನಾಲ್ಕಾರು ಅವಳ ಕೈಯಲ್ಲೇ ಒಡೆದವು. ಆಮೇಲೆ ಹದ ಸಿಕ್ಕಿತು. ಊದಿ ಊದಿ ಕಣ್ಣು ಕತ್ತಲೆ ಬಂದು ಗೋಡೆಗೆ ಒರಗುತ್ತಿದ್ದಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ಒಳಗಿದ್ದದ್ದು ನಿಮ್ಮಾವಂಗೆ. ನನ್ನ ಉಸುರು ನಿಂಗೆ." ಆಮೇಲೆ ಅರಿಶಿನದ ನೀರಲ್ಲಿ ಬಾಯಿ ಮುಕ್ಕಳಿಸಿ ದೇವರ ಮೂಲೆಯ ಕಡೆ ಒಮ್ಮೆ ನೋಡುತ್ತಿದ್ದಳು.

ಚಿಪ್ಪಿನ ಮೇಲೆ ನುಗ್ಗೆ ಎಸಳು ಒತ್ತಿ, ಹಳೆಯ ಪಂಚೆಯ ತುಂಡಿನಲ್ಲಿ ಬಿಗಿದು, ಈರುಳ್ಳಿ ಸಿಪ್ಪೆಯ ನೀರಿಗೆ ಬಿಡುತ್ತಿದ್ದರು. ಟೊಳ್ಳು ಮೊಟ್ಟೆ ಮುಳುಗುವುದಿಲ್ಲ, ಸೌಟಿನಿಂದ ಒತ್ತಿ ಹಿಡಿಯಬೇಕು. ಬಟ್ಟೆ ಬಿಚ್ಚಿದರೆ ಕೆಂಪು ಚಿಪ್ಪಿನ ಮೇಲೆ ಎಲೆ ಕೂತಿದ್ದ ಜಾಗ ಮಾತ್ರ ಬೆಳ್ಳಗೆ. ಹಬ್ಬದ ಬೆಳಿಗ್ಗೆ ಕಣಜದ ಕೋಣೆಯಲ್ಲಿ, ರಾಗಿ ತುಂಬಿದ ಹಿತ್ತಾಳೆ ಚೆಂಬಿನಲ್ಲಿ ದಾಳಿಂಬೆ ಕೊಂಬೆ ನೆಟ್ಟು ಎಲ್ಲವನ್ನೂ ಕಟ್ಟಿ, ಬಾಗಿಲು ಹಾಕಿಕೊಂಡು ಇಬ್ಬರೂ ನೋಡುತ್ತ ಕೂರುತ್ತಿದ್ದರು. ಕೆಲಸದವರು ಬರುವ ಹೊತ್ತಿಗೆ ಕೊಂಬೆ ಒಲೆಗೆ, ಚಿಪ್ಪು ಗೊಬ್ಬರದ ಗುಂಡಿಗೆ.

ನಿನ್ನೆ ಮಧ್ಯಾಹ್ನ ಈಶ್ವರಮ್ಮ ಕೊನೆಯ ಮೊಟ್ಟೆ ಊದಿ ಎದೆ ಉಜ್ಜಿಕೊಂಡಿದ್ದಳು. ಗ್ಯಾಸು ಅಂದಳು. ಮಿಕ್ಕವಕ್ಕೆ ನಾಳೆ ಬಣ್ಣ ಹಾಕೋಣ ಅಂದಳು.

*

ಆರೋಗ್ಯಮ್ಮನನ್ನು ಕರೆತಂದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳು, ಕೂದಲು ಸರಿಯಾಗಿ ಕಟ್ಟಿರಲಿಲ್ಲ. ಅವಳ ಹಿಂದೆಯೇ ಚಿಕ್ಕಬೈರಪ್ಪನ ಕಡೆಯ ಇಬ್ಬರು ಅವಳ ಸ್ಟೌ ಮತ್ತು ಬಟ್ಟೆಯ ಟ್ರಂಕನ್ನು ಗೇಟಿನ ಹೊರಗೆ ಇಟ್ಟು ಬಂದರು. ಹೊಸೂರು ರಸ್ತೆಯ ಮೇಲ್ಸೇತುವೆಗೆ ಇನ್ನೂ ಕಂಬಗಳಷ್ಟೇ ಎದ್ದಿದ್ದವು. ಅಲ್ಲಿಂದ ಬಂದ ಧೂಳು ಟ್ರಂಕಿನ ಮೇಲೆ ಕೂತಿತು.

ಮೊರ ತೋರಿಸಿ ಕೇಳಿದರು. ಅವಳು ಬಗ್ಗಿ ನೋಡಿದಳು. ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು. ನಾಳೆ ಯಾವ ದಿನ ಎಂದು ಅವಳಿಗೂ ಗೊತ್ತಿತ್ತು. ತಲೆಯೆತ್ತಿ ನೇರ ವೇಣಿಯನ್ನು ನೋಡಿದಳು.

ಹೋದ ಮಳೆಗಾಲ ಇಬ್ಬರೂ ನಲ್ಲಿಯ ಹತ್ತಿರ ನಿಂತಿದ್ದಾಗ ಸಿಡಿಲು ಬಡಿದಿತ್ತು. ವೇಣಿಯ ಕೈ ತಾನಾಗಿ ಹಣೆಗೆ, ಎದೆಗೆ, ಎರಡೂ ಭುಜಕ್ಕೆ ಹೋಗಿತ್ತು. ಆರೋಗ್ಯಮ್ಮ ಕಂಡಿದ್ದಳು. ಏನೂ ಕೇಳದೆ ತನ್ನ ಕೊಡ ಸರಿಸಿ ವೇಣಿಯ ಕೊಡವನ್ನು ನಲ್ಲಿಯ ಕೆಳಗೆ ಇಟ್ಟಿದ್ದಳು.

"ನಂಗೊತ್ತಿಲ್ಲ ಸಾರ್," ಅಂದಳು ಈಗ.

"ಐದು ವರ್ಷ ಆದ್ರೂ ಈ ಹೆಣ್ಣಿನ ಮಡಿಲು ತುಂಬಿಲ್ಲ," ಬಸಕ್ಕ ವೇಣಿಯ ಕಡೆ ಕೈ ತೋರಿಸಿದಳು. "ಈಗ ಈಶ್ವರಿ ಹೋದ್ಲು. ನಿಂಗೊತ್ತಿಲ್ವಾ?"

"ಹೆಣ ಎತ್ತೋದ್ರೊಳಗೆ ರೂಮು ಖಾಲಿ ಆಗ್ಬೇಕು," ಅಂದ ಚಿಕ್ಕಬೈರಪ್ಪ. ಆರೋಗ್ಯಮ್ಮ ತಲೆ ತಗ್ಗಿಸಿ ಗೇಟಿನ ಕಡೆ ತಿರುಗಿದಳು.

"ಅವು ನಮ್ಮನೇವೇ ಚಿಕ್ಕಮಾವ."

ವೇಣಿ ಊದುಬತ್ತಿಯನ್ನು ಕೆಳಗಿಟ್ಟಳು. ಮಾತು ತೊದಲಲಿಲ್ಲ, ಅದು ಅವಳಿಗೇ ಆಶ್ಚರ್ಯ. ತಾನು ಕ್ರಿಶ್ಚಿಯನ್ನು, ಹೆಸರು ವೆರೋನಿಕಾ, ನಾಳೆ ತನ್ನ ಹಬ್ಬ ಎಂದಳು. ಬಣ್ಣ ಈರುಳ್ಳಿ ಸಿಪ್ಪೆಯದು, ಕುಂಕುಮವಲ್ಲ ಎಂದಳು.

"ಮಾಟ ಅಲ್ಲ. ಮನೆ ಅಲಂಕಾರ. ಅತ್ತೆ ನಂಗೋಸ್ಕರ ಮಾಡ್ತಿದ್ರು."

ಮುನಿರಾಜು ಕಣ್ಣು ಮುಚ್ಚಿಕೊಂಡ. ರಸ್ತೆಯ ಕಡೆಯಿಂದ ಕ್ರೇನಿನ ಸದ್ದು ಕೇಳುತ್ತಿತ್ತು.

"ಸುಳ್ಳು," ಅಂದಳು ಬಸಕ್ಕ. "ಈಶ್ವರಿ ಬಾಯಿಟ್ಟಿರಾಕಿಲ್ಲ."

"ಇಟ್ಟವ್ಳೆ ಕಣಕ್ಕ."

ಬೆಳಗಿನಿಂದ ಒಂದು ಮಾತೂ ಆಡದ ದೊಡ್ಡಮುನಿಯಪ್ಪ ಕುರ್ಚಿಯಲ್ಲಿ ಕೂತಲ್ಲೇ ಹೇಳಿದ. ಯಾರನ್ನೂ ನೋಡಲಿಲ್ಲ, ಮೊರವನ್ನೇ ನೋಡುತ್ತಿದ್ದ.

"ವರ್ಸಾ ವರ್ಸಾ ಇದೇ ಟೇಮಲ್ಲಿ ನಂಗೆ ವಾರಗಟ್ಲೆ ಮೊಟ್ಟೆ ಪಲ್ಯ. ಯಾಕಮ್ಮಿ ಅಂದ್ರೆ ಮೊಟ್ಟೆ ಅಗ್ಗ ಆಗೈತೆ ಅನ್ನೋಳು. ಒಂದಿನ ಕಿಟಕೀಲಿ ಕಂಡೆ. ಪೀಪಿ ಊದೋನಂಗೆ ಕೆನ್ನೆ ಉಬ್ಬುಸ್ಕಂಡು ಕುಂತಿದ್ಲು. ನಗು ಬಂತು. ಕೇಳ್ನಿಲ್ಲ."

ಹೆಂಗಸರ ಗುಂಪಿನಲ್ಲಿ ಯಾರೋ ನಕ್ಕುಬಿಟ್ಟು ಸೆರಗು ಬಾಯಿಗೆ ತುರುಕಿಕೊಂಡರು. ಆದರೆ ಗೇಟಿನ ಹತ್ತಿರ ಇಬ್ಬರು ದಾಯಾದಿಗಳು ಚಪ್ಪಲಿ ಹುಡುಕುತ್ತಿದ್ದರು. ಮೂರನೆಯವನು ತನ್ನ ಬೈಕಿನ ಕೀ ತೆಗೆದ. ಚಿಕ್ಕಬೈರಪ್ಪ ಅದನ್ನು ಕಂಡ. ಹೆಗಲಿಲ್ಲದೆ ಅಂಗಳದಲ್ಲಿ ಕೊಳೆಯುವ ಹೆಣ, ಅದೂ ತನ್ನ ಅತ್ತಿಗೆಯದು, ನಾಳೆ ಬೇಗೂರಿನವರೆಗೂ ಮಾತಾಗುತ್ತದೆ. ಅವನು ಚಪ್ಪಲಿಯವರಿಗೆ ಕೈಯಿಂದಲೇ ನಿಲ್ಲಲು ಹೇಳಿ, ಮೂಲೆಯ ಅಂಗಡಿಗೆ ಯಾರನ್ನೋ ಓಡಿಸಿ ಒಂದು ಹಸಿ ಮೊಟ್ಟೆ ತರಿಸಿದ. ಆಮೇಲೆ ವೇಣಿಯ ಎದುರು ಬಂದು ನಿಂತ. ದನಿಯಲ್ಲಿ ಸಿಟ್ಟಿರಲಿಲ್ಲ.

"ನೋಡು ವೇಣಿ. ನೀನೇನೂ ಹೇಳಿಲ್ಲ, ನಾವೇನೂ ಕೇಳಿಲ್ಲ. ಆ ಮೊರ ನೀನೇ ತಗೊಂಡೋಗಿ ಮೂರು ದಾರಿ ಸೇರೋ ಕಡೆ ಎಲ್ಲಾನೂ ಒಡೆದು, ಕಾಲು ತೊಳ್ಕೊಂಡು ಬಾ. ಬಂದು ಈ ಮೊಟ್ಟೆ ಚಟ್ಟಕ್ಕೆ ಕಟ್ಟು. ನಾವು ಹೆಗಲು ಕೊಡ್ತೀವಿ. ಆ ಯಮ್ಮನೂ ರೂಮಲ್ಲೇ ಇರ್ಲಿ. ನೀನು ಯಾವತ್ತೂ ಈ ಮನೆ ಸೊಸೇನೇ."

ಗೇಟಿನಲ್ಲಿ ನಿಂತಿದ್ದ ಆರೋಗ್ಯಮ್ಮ ಟ್ರಂಕಿನ ಹಿಡಿಯಿಂದ ಕೈ ತೆಗೆದಳು.

"ಒಪ್ಕೋ," ಅಂದ ಮುನಿರಾಜು. "ಅಮ್ಮ ಹೋಗ್ಬೇಕು, ವೇಣಿ."

ವೇಣಿ ಬಗ್ಗಿ ಮೊರವನ್ನು ಎತ್ತಿಕೊಂಡಳು. ಮೊರಕ್ಕೆ ಮೊರದಷ್ಟೇ ಭಾರ. ಜನ ಗೇಟಿನವರೆಗೆ ದಾರಿ ಬಿಟ್ಟರು. ಮುನಿರಾಜು ಉಸಿರು ಬಿಟ್ಟು, ಹೊಗೆಯಾಡುವ ಬೆಂಕಿಯ ಮಡಕೆ ಹಿಡಿದು ಎಲ್ಲರಿಗಿಂತ ಮುಂದೆ ಹೋಗಿ, ಬೆನ್ನು ಹಾಕಿ ನಿಂತ. ಮಡಕೆ ಹಿಡಿದವನು ಹಿಂದಿರುಗಿ ನೋಡುವಂತಿಲ್ಲ.

ಅವಳು ಗೇಟಿಗೆ ಹೋಗಲಿಲ್ಲ. ಚಟ್ಟದ ತಲೆಯ ಕಡೆ ನಿಂತು, ಮೊರದಿಂದ ನುಗ್ಗೆ ಎಸಳಿನ ಗುರುತಿದ್ದ ಕೆಂಪು ಮೊಟ್ಟೆಯನ್ನು ಆರಿಸಿದಳು. ಅದರ ದಾರವನ್ನು ಬಿದಿರಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ಮೊಟ್ಟೆ ತೂಗಿತು. ಭಾರವಿಲ್ಲದ್ದರಿಂದ ಅದು ಒಂದು ಕಡೆ ನಿಲ್ಲಲಿಲ್ಲ. ರಸ್ತೆಯಲ್ಲಿ ಲಾರಿಯೊಂದು ಹೋದ ಗಾಳಿಗೆ ಸುತ್ತತೊಡಗಿತು. ಕೆಂಪು, ಬಿಳಿ ಎಲೆ, ಕೆಂಪು, ಬಿಳಿ ಎಲೆ.

"ಅದ್ರೊಳಗೆ ಏನೈತೆ ಕಣೇ?" ಬಸಕ್ಕನ ದನಿ ಮೊದಲ ಸಲ ನಡುಗಿತು. "ಬರೀ ಟೊಳ್ಳು. ಅದನ್ನ ಕಟ್ಟಿದ್ರೆ ಅವಳ ಜೊತೆಗೆ ಯಾರೋಗ್ತಾರೆ? ನೀನೋಗ್ತೀಯಾ?"

ವೇಣಿ ಗಂಟನ್ನು ಇನ್ನೊಮ್ಮೆ ಬಿಗಿದಳು. ದೊಡ್ಡಮುನಿಯಪ್ಪ ಕುರ್ಚಿಯಿಂದ ಎದ್ದ. ಟವೆಲ್ಲನ್ನು ಕೊಡವಿ, ನಾಲ್ಕು ಮಡಿಕೆ ಮಡಿಸಿ, ಬಿದಿರು ಕೂರುವ ಜಾಗಕ್ಕೆ ಸರಿಯಾಗಿ ಬಲ ಹೆಗಲ ಮೇಲೆ ಇಟ್ಟುಕೊಂಡು ಚಟ್ಟದ ಕಾಲಿನ ಕಡೆ ಹೋಗಿ ನಿಂತ. ಬೇರೆ ಯಾರೂ ಮುಂದೆ ಬರಲಿಲ್ಲ.

ಚಿಕ್ಕಬೈರಪ್ಪ ಅವಳ ಹತ್ತಿರ, ತೀರ ಹತ್ತಿರ ಬಂದ. ಅವನ ಅಂಗೈಯಲ್ಲಿ ಅಂಗಡಿಯ ಮೊಟ್ಟೆ ಇತ್ತು, ಬಿಳಿ, ತುಂಬಿದ್ದು.

"ಬಿಚ್ಚಮ್ಮ," ಅಂದ ಮೆಲ್ಲಗೆ. "ಇದನ್ನ ಕಟ್ಟು."

"ಬಿಚ್ಚಲ್ಲ," ಅಂದಳು ವೇಣಿ.